ಮೈಕಿಗೆ ಬರುವ ಮೂರು ದಾರಿ

ಕನ್ನಡ ನಾಡಿನಲ್ಲಿ ಬಾನುಲಿ ಹುಟ್ಟಿದ್ದು ಒಂದು ಮನೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟದೊಂದು ಪ್ರಸಾರ ಯಂತ್ರ ಇಟ್ಟುಕೊಂಡು ‘ಆಕಾಶವಾಣಿ’ಯನ್ನು ಶುರು ಮಾಡಿದರು. ಆಮೇಲೆ ಬಾನುಲಿ ಮನೆ ಬಿಟ್ಟು ಸ್ಟುಡಿಯೋ ಸೇರಿತು. ದಪ್ಪ ಬಾಗಿಲು, ಮೆತ್ತೆ ಹೊದಿಸಿದ ಗೋಡೆ, ಹೊರಗೆ ಉರಿಯುವ ಕೆಂಪು ದೀಪ ಎಲ್ಲ ಬಂದವು. ಈಗ ಧ್ವನಿಮುದ್ರಣ ಮತ್ತೆ ಮನೆಗೆ ಮರಳಿದೆ. ಪಾಡ್‌ಕಾಸ್ಟ್, ಆಡಿಯೋ ಪುಸ್ತಕ, ಯೂಟ್ಯೂಬ್ ಪಾಠ, ಮಕ್ಕಳ ಕಥೆ ಮುಂತಾದವನ್ನು ಜನ ಮಲಗುವ ಕೋಣೆಯಲ್ಲೇ ಕೂತು ಓದಿ ಮುದ್ರಿಸುತ್ತಿದ್ದಾರೆ. ಒಳ್ಳೆಯ ಮೈಕು ಕೈಗೆಟುಕುವ ಬೆಲೆಗೆ ಸಿಗುತ್ತದೆ. ಆದರೆ ಮೈಕಿನ ಜೊತೆ ಸ್ಟುಡಿಯೋ ಬರುವುದಿಲ್ಲ. ಫ್ಯಾನು, ಫ್ರಿಜ್ಜು, ಮಹಡಿಯ ಮನೆಯ ಗ್ರೈಂಡರು, ಬೀದಿಯ ಆಟೋ, ಸಂಪಿನ ಮೋಟರು ಎಲ್ಲವೂ ಅದರೊಳಗೆ ನುಗ್ಗಲು ಕಾದಿರುತ್ತವೆ.

ಹೊಸದಾಗಿ ಮುದ್ರಿಸುವವರಿಗೆಲ್ಲ ಒಂದು ಒಗಟು ಎದುರಾಗುತ್ತದೆ. ಓದುವಾಗ ಕೋಣೆ ಸದ್ದಿಲ್ಲದೆ ಇತ್ತು ಅನಿಸಿರುತ್ತದೆ. ಹೆಡ್‌ಫೋನ್ ಹಾಕಿ ಕೇಳಿದರೆ ಹಿಂದೆ ಏನೋ ಗುಂಯ್‌ಗುಡುತ್ತಿರುತ್ತದೆ, ನಡುನಡುವೆ ‘ಧಡ್’ ಎನ್ನುತ್ತದೆ, ದನಿ ಬಚ್ಚಲುಮನೆಯಿಂದ ಬಂದಂತಿರುತ್ತದೆ. ಮೈಕು ಇದನ್ನೆಲ್ಲ ಸೃಷ್ಟಿಸಿಲ್ಲ. ನಮ್ಮ ಮಿದುಳು ಅಡಗಿಸಿಟ್ಟದ್ದನ್ನು ಅದು ಹೊರಗೆ ಹಾಕಿದೆ, ಅಷ್ಟೆ. ಜನಜಂಗುಳಿಯ ನಡುವೆಯೂ ನಮಗೆ ಬೇಕಾದ ಒಬ್ಬರ ಮಾತನ್ನಷ್ಟೇ ಹೇಗೆ ಹಿಡಿಯುತ್ತೇವೆ ಎಂದು ಬ್ರಿಟಿಷ್ ವಿಜ್ಞಾನಿ ಕಾಲಿನ್ ಚೆರ್ರಿ 1953ರಲ್ಲಿ ಪ್ರಯೋಗ ಮಾಡಿ ನೋಡಿದರು. ಈ ಸಾಮರ್ಥ್ಯಕ್ಕೆ ‘ಕಾಕ್‌ಟೇಲ್ ಪಾರ್ಟಿ ಪರಿಣಾಮ’ ಎಂಬ ಹೆಸರು ನಿಂತಿತು. ಒಂದೇ ಸದ್ದು ಎರಡು ಕಿವಿಗಳಿಗೆ ತಲುಪುವಾಗ ಆಗುವ ವ್ಯತ್ಯಾಸ ಸೆಕೆಂಡಿನ ಸಾವಿರದೊಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಿಂದಲೇ ಮಿದುಳು ಯಾವ ಸದ್ದು ಎಲ್ಲಿಂದ ಬಂತೆಂದು ಗುರುತಿಸಿ, ಬೇಡದ್ದನ್ನು ಹಿಂದಕ್ಕೆ ತಳ್ಳುತ್ತದೆ. ಒಂದೇ ಸಮನೆ ಸದ್ದು ಮಾಡುವ ಫ್ರಿಜ್ಜನ್ನು ಕೆಲವೇ ನಿಮಿಷಗಳಲ್ಲಿ ಮರೆತೂಬಿಡುತ್ತದೆ. ಒಂಟಿ ಮೈಕಿಗೆ ಎರಡನೇ ಕಿವಿಯೂ ಇಲ್ಲ, ಮರೆಯುವ ವರವೂ ಇಲ್ಲ.

ಮೈಕಿನೊಳಗೆ ಇರುವುದು ಒಂದು ತೆಳು ಪೊರೆ. ಗಾಳಿಯ ಒತ್ತಡ ಏರಿಳಿದಾಗ ಪೊರೆ ಅಲುಗಾಡುತ್ತದೆ. ಆ ಅಲುಗಾಟ ವಿದ್ಯುತ್ ಸಂಕೇತವಾಗುತ್ತದೆ. ಡೈನಮಿಕ್ ಮೈಕಿನಲ್ಲಿ ಪೊರೆಗೆ ಅಂಟಿದ ತಂತಿಸುರುಳಿ ಅಯಸ್ಕಾಂತದ ನಡುವೆ ಓಡಾಡುತ್ತದೆ. ಬೆಲ್ ಪ್ರಯೋಗಾಲಯದ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ 1962ರಲ್ಲಿ ರೂಪಿಸಿದ ಎಲೆಕ್ಟ್ರೆಟ್ ಮೈಕಿನಲ್ಲಿ ಪೊರೆಗೂ ಅದರ ಹಿಂದಿನ ತಟ್ಟೆಗೂ ನಡುವಿನ ಅಂತರ ಹಿಗ್ಗಿ ಕುಗ್ಗುತ್ತದೆ. ಎರಡರಲ್ಲೂ ಅಳೆಯುವುದು ಒಂದನ್ನೇ: ಮೈಕಿನ ಒಡಲಿಗೆ ಹೋಲಿಸಿದರೆ ಪೊರೆ ಹೇಗೆ ಸರಿಯಿತು ಎಂಬುದನ್ನು. ಒಡಲು ನಿಂತು ಪೊರೆ ಅಲುಗಿದರೂ, ಪೊರೆ ನಿಂತು ಒಡಲು ಅಲುಗಿದರೂ ತಂತಿಯಲ್ಲಿ ಹರಿಯುವ ಸಂಕೇತ ಒಂದೇ ಬಗೆಯದು. ಮೈಕು ಈ ಎರಡರ ನಡುವೆ ಭೇದ ಎಣಿಸಲಾರದು.

ಹೀಗಾಗಿ ಬೇಡದ ಸದ್ದು ಮೈಕಿಗೆ ಬರಲು ಮೂರು ದಾರಿಗಳಿವೆ. ಗಾಳಿಯಲ್ಲಿ ಬಂದು ಪೊರೆಯನ್ನು ತಟ್ಟುವುದು ಒಂದು. ನೆಲ, ಮೇಜು, ಸ್ಟ್ಯಾಂಡುಗಳ ಮೂಲಕ ಬಂದು ಒಡಲನ್ನು ನಡುಗಿಸುವುದು ಇನ್ನೊಂದು. ಪೊರೆಯನ್ನೇ ಮುಟ್ಟದೆ ಸೀದಾ ತಂತಿಯೊಳಗೆ ಸೇರಿಕೊಳ್ಳುವುದು ಮೂರನೆಯದು. ಒಂದು ದಾರಿಯ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಗೋಡೆಗೆ ಸಾವಿರಾರು ರೂಪಾಯಿಯ ಫೋಮು ಅಂಟಿಸಿದ ಮೇಲೂ ಫ್ರಿಜ್ಜಿನ ಗುಂಯ್‌ಗಾನ ಹಾಗೇ ಉಳಿಯುವುದು ಈ ಕಾರಣಕ್ಕೆ. ಅದು ಬಂದದ್ದು ನೆಲದ ದಾರಿಯಲ್ಲಿ, ಕಾವಲು ಹಾಕಿದ್ದು ಗಾಳಿಯ ದಾರಿಗೆ.

ಮೊದಲು ಪತ್ತೆ, ಆಮೇಲೆ ಮದ್ದು

ದಾರಿ ಯಾವುದೆಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಮೈಕನ್ನು ಎಂದಿನ ಜಾಗದಲ್ಲಿಟ್ಟು, ಮಾತಾಡದೆ, ಒಂದು ನಿಮಿಷ ಬರೀ ಕೋಣೆಯನ್ನೇ ಮುದ್ರಿಸಿ. ಫೋನಿನಲ್ಲಿ ಮುದ್ರಿಸುವವರು ದನಿಯನ್ನು ತಾನಾಗಿ ಏರಿಳಿಸುವ ಸೌಲಭ್ಯವಿದ್ದರೆ ಅದನ್ನು ಮೊದಲು ಆರಿಸಬೇಕು. ಇಲ್ಲವಾದರೆ ಕೋಣೆ ಸುಮ್ಮನಾದಷ್ಟೂ ಫೋನು ಕಿವಿ ನಿಮಿರಿಸಿ ಇದ್ದಬದ್ದ ಸದ್ದನ್ನೆಲ್ಲ ದೊಡ್ಡದು ಮಾಡುತ್ತದೆ, ಹೋಲಿಕೆ ಕೆಡುತ್ತದೆ.

ಆಮೇಲೆ ಒಂದೊಂದನ್ನೇ ಬದಲಿಸುತ್ತ ಮತ್ತೆ ಮತ್ತೆ ಮುದ್ರಿಸಿ. ಕಿಟಕಿ, ಬಾಗಿಲು ಮುಚ್ಚಿದಾಗ ಗದ್ದಲ ಇಳಿದರೆ ಅದು ಗಾಳಿಯಲ್ಲಿ ಬಂದದ್ದು. ಮೈಕನ್ನು ಮೇಜಿನಿಂದ ಎತ್ತಿ ದಪ್ಪ ದಿಂಬಿನ ಮೇಲಿಟ್ಟಾಗ ಇಳಿದರೆ ಘನವಸ್ತುವಿನ ಮೂಲಕ ಬಂದದ್ದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಮಾಯವಾದರೆ ತಂತಿಯಲ್ಲಿ ಬಂದದ್ದು. ಫ್ರಿಜ್ಜನ್ನೂ ಒಮ್ಮೆ ಆರಿಸಿ ನೋಡಬೇಕು. ಅದನ್ನು ಮತ್ತೆ ಹಾಕಲು ಮರೆಯದಿರುವ ಉಪಾಯವೊಂದು ಚಿತ್ರೀಕರಣದ ಧ್ವನಿಗ್ರಾಹಕರಲ್ಲಿ ಬಳಕೆಯಲ್ಲಿದೆ: ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೇ ಇಟ್ಟುಬಿಡುವುದು.

ಆಡಾಸಿಟಿಯಂಥ ಉಚಿತ ತಂತ್ರಾಂಶ ಸದ್ದನ್ನು ಆವೃತ್ತಿಗಳಾಗಿ ಬಿಡಿಸಿ ನಕ್ಷೆ ಬರೆದು ತೋರಿಸುತ್ತದೆ. ಅಲ್ಲಿ 50, 100, 150 ಹರ್ಟ್ಸ್‌ಗಳಲ್ಲಿ ಮೊಳೆ ಹೊಡೆದಂತೆ ಗೆರೆಗಳು ಎದ್ದಿದ್ದರೆ ಮೂಲ ಮನೆಯ ವಿದ್ಯುತ್ತಿನಲ್ಲಿದೆ. ಭಾರತದಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ, ಅದರಿಂದ ನಡೆಯುವ ಮೋಟರು, ಟ್ರಾನ್ಸ್‌ಫಾರ್ಮರುಗಳು ಅದೇ ಲಯದಲ್ಲೋ ಅದರ ಎರಡರಷ್ಟರಲ್ಲೋ ಗುಂಯ್‌ಗುಡುತ್ತವೆ. ನಕ್ಷೆಯಲ್ಲಿ 80 ಹರ್ಟ್ಸ್‌ಗಿಂತ ಕೆಳಗೆ ದೊಡ್ಡ ಗುಡ್ಡೆಯಿದ್ದರೆ ಲಾರಿ, ಹೆಜ್ಜೆ, ಮೇಜಿನ ನಡುಕ. ಮಧ್ಯದಿಂದ ಮೇಲಿನವರೆಗೆ ಸಮನಾಗಿ ಹರಡಿದ್ದರೆ ಫ್ಯಾನಿನ ಗಾಳಿ ಅಥವಾ ದೂರದ ವಾಹನಗಳ ಮೊರೆತ.

ಗಾಳಿಯ ದಾರಿ

ಈ ದಾರಿಯಲ್ಲಿ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಪ್ರಬಲವಾದ ಅಸ್ತ್ರ ದೂರ. ಒಂದು ಮೀಟರಿನಾಚೆ ಮಾಮೂಲಿ ಮಾತಿನ ಮಟ್ಟ ಸುಮಾರು 60 ಡೆಸಿಬಲ್. ದೂರ ಅರ್ಧವಾದಾಗಲೆಲ್ಲ ಅದು 6 ಡೆಸಿಬಲ್ ಏರುತ್ತದೆ. ಅರ್ಧ ಮೀಟರಿಗೆ 66, ಕಾಲು ಮೀಟರಿಗೆ 72, ಹನ್ನೆರಡೂವರೆ ಸೆಂಟಿಮೀಟರಿಗೆ 78. ಫ್ಯಾನು ತಿರುಗುವ ಕೋಣೆಯ ಗದ್ದಲ 45 ಡೆಸಿಬಲ್ ಎಂದಿಟ್ಟುಕೊಳ್ಳಿ. ಮೈಕು ದೂರವಿದ್ದಾಗ ಮಾತಿಗೂ ಗದ್ದಲಕ್ಕೂ ಇದ್ದ ಅಂತರ 15, ಹತ್ತಿರ ಬಂದಾಗ 33. ಗದ್ದಲ ಒಂದಿಷ್ಟೂ ತಗ್ಗಲಿಲ್ಲ, ಮಾತಿನ ಒತ್ತಡ ಎಂಟು ಪಟ್ಟಾಯಿತು. ಆಗ ಮೈಕಿನ ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಮಟ್ಟ, ಇಳಿಸಬಹುದು, ಅದರ ಜೊತೆ ಗದ್ದಲವೂ ಇಳಿಯುತ್ತದೆ. ಆಡಿಯೋ ಪುಸ್ತಕಗಳಿಗಾಗಿ ಎಸಿಎಕ್ಸ್ ಎಂಬ ವೇದಿಕೆ ಹಾಕಿರುವ ನಿಯಮ ನೋಡಿದರೆ ಗುರಿ ಎಷ್ಟೆಂಬುದು ಗೊತ್ತಾಗುತ್ತದೆ. ಮುದ್ರಣ ಹಿಡಿಯಬಲ್ಲ ಗರಿಷ್ಠ ಮಟ್ಟವನ್ನು ಸೊನ್ನೆ ಎಂದಿಟ್ಟುಕೊಂಡು ಅಳೆದರೆ, ಅಲ್ಲಿ ಓದಿನ ಸರಾಸರಿ ಮಟ್ಟ -23 ರಿಂದ -18 ಡೆಸಿಬಲ್ ಒಳಗಿರಬೇಕು, ಸುಮ್ಮನಿರುವಾಗಿನ ಗದ್ದಲ -60 ಮೀರಬಾರದು. ಅಂದರೆ ಮಾತಿಗೂ ಗದ್ದಲಕ್ಕೂ ಸುಮಾರು 40 ಡೆಸಿಬಲ್ ಅಂತರ. ಗೇಣಿನೊಳಗೆ ಮೈಕು ಇದ್ದು, ಫ್ಯಾನು ಆರಿದ ಕೋಣೆಯಿದ್ದರೆ ಇದು ಮನೆಯಲ್ಲೂ ಸಾಧ್ಯ.

ತೀರಾ ಹತ್ತಿರ ಹೋದರೆ ಬೇರೆ ತೊಡಕುಗಳು ಶುರುವಾಗುತ್ತವೆ. ಒಂದೇ ದಿಕ್ಕಿಗೆ ಕಿವಿಗೊಡುವ ಕಾರ್ಡಿಯಾಯ್ಡ್ ಮೈಕುಗಳಲ್ಲಿ ಮಂದ್ರದ ಸ್ವರ ಉಬ್ಬಿ ದನಿ ಗಡುಸಾಗುತ್ತದೆ. ‘ಪ’, ‘ಬ’ ಅನ್ನುವಾಗ ತುಟಿಯಿಂದ ಚಿಮ್ಮುವ ಉಸಿರು ಪೊರೆಗೆ ಬಡಿದು ‘ಧಬ್’ ಎನ್ನುತ್ತದೆ. ಕನ್ನಡದಲ್ಲಿ ‘ಫ’, ‘ಭ’ಗಳೂ ಸೇರಿ ಈ ಕಾಟ ಇಮ್ಮಡಿ. ‘ಭಾರತ’, ‘ಪ್ರಭಾವ’, ‘ಫಲ’ ಎಂಬ ಪದಗಳನ್ನು ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹೇಳಿ ನೋಡಿ, ಪೆಟ್ಟು ಎಷ್ಟೆಂದು ಚರ್ಮಕ್ಕೇ ತಿಳಿಯುತ್ತದೆ. ಈ ಉಸಿರು ನೇರ ಮುಂದಕ್ಕೆ ಕಿರಿದಾದ ಧಾರೆಯಾಗಿ ಹೋಗುತ್ತದೆ. ದನಿಯಾದರೋ ಎಲ್ಲ ಕಡೆಗೂ ಹರಡುತ್ತದೆ. ಆದ್ದರಿಂದ ಮೈಕನ್ನು ಬಾಯಿಯ ನೇರಕ್ಕಿಡದೆ ಕೆನ್ನೆಯ ಪಕ್ಕಕ್ಕೆ ಸರಿಸಿ, ಬಾಯಿಯ ಕಡೆಗೆ ತಿರುಗಿಸಿದರೆ ಉಸಿರು ಪಕ್ಕದಲ್ಲಿ ಹಾದುಹೋಗುತ್ತದೆ, ದನಿ ಮಾತ್ರ ಸಿಗುತ್ತದೆ. ನಡುವೆ ಬಟ್ಟೆಯ ಪಾಪ್ ಫಿಲ್ಟರ್ ಇದ್ದರೆ ಇನ್ನೂ ಒಳ್ಳೆಯದು. 15 ರಿಂದ 20 ಸೆಂಟಿಮೀಟರು ಹೆಚ್ಚಿನವರಿಗೆ ಹೊಂದುವ ದೂರ.

ಕಾರ್ಡಿಯಾಯ್ಡ್ ಮೈಕಿನ ಇನ್ನೊಂದು ಗುಣವೂ ಉಪಯೋಗಕ್ಕೆ ಬರುತ್ತದೆ. ಅದು ಮುಂದೆ ಪೂರ್ತಿ ಕೇಳುತ್ತದೆ, ಪಕ್ಕಕ್ಕೆ ಅರ್ಧ ಕೇಳುತ್ತದೆ, ಬೆನ್ನಿಗೆ ಬಹುಮಟ್ಟಿಗೆ ಕಿವುಡು. ಕಿಟಕಿಯಿಂದ ಬೀದಿಯ ಸದ್ದು ಬರುತ್ತಿದ್ದರೆ ಮೈಕಿನ ಬೆನ್ನನ್ನು ಕಿಟಕಿಗೆ ತಿರುಗಿಸಿ, ನೀವು ಕಿಟಕಿಯತ್ತ ಮುಖ ಮಾಡಿ ಕೂರಬೇಕು. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಕಿಟಕಿಗೆ ಬೆನ್ನು ಹಾಕಿ ಕೂತರೆ ಸದ್ದು ಹಿಂದಾಯಿತೆಂದು ಅನಿಸುತ್ತದೆ, ಆದರೆ ಆಗ ಮೈಕು ನಿಮ್ಮ ಹೆಗಲ ಮೇಲಿಂದ ಕಿಟಕಿಯನ್ನೇ ದಿಟ್ಟಿಸುತ್ತಿರುತ್ತದೆ.

ಇನ್ನು ಗೋಡೆಗಳ ಮಾತು. ವಿಟ್ರಿಫೈಡ್ ಟೈಲ್ಸ್, ಗಾರೆ ಗೋಡೆ, ಕಾಂಕ್ರೀಟಿನ ಸೂರು ಇರುವ ನಮ್ಮ ಕೋಣೆಗಳು ತಮಗೆ ಬಡಿದ ಸದ್ದನ್ನು ಹೆಚ್ಚುಕಡಿಮೆ ಪೂರ್ತಿ ಹಿಂದಿರುಗಿಸುತ್ತವೆ. ಹೀಗೆ ಮರಳಿ ಮರಳಿ ಬರುವ ಸದ್ದಿಗೆ ಅನುರಣನೆ ಎಂದು ಹೆಸರು. ಇದರ ಲೆಕ್ಕ ಹಾಕಿಕೊಟ್ಟವರು ಅಮೆರಿಕದ ವ್ಯಾಲೇಸ್ ಸಬೈನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಂನ ಹೊಸ ಉಪನ್ಯಾಸ ಕೊಠಡಿಯಲ್ಲಿ ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಂದು ಪದ ಹೇಳಿದರೆ ಅದರ ಅನುರಣನೆ ಐದೂವರೆ ಸೆಕೆಂಡು ಉಳಿಯುತ್ತಿತ್ತು, ಅಷ್ಟರೊಳಗೆ ಮುಂದಿನ ಪದಗಳು ಅದರ ಮೇಲೆ ಬೀಳುತ್ತಿದ್ದವು. ಸರಿಪಡಿಸುವ ಕೆಲಸ ಯುವ ಅಧ್ಯಾಪಕ ಸಬೈನ್‌ಗೆ ಬಂತು. ಊರು ಮಲಗಿದ ಮೇಲೆ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಆಸನಗಳ ಮೆತ್ತೆಗಳನ್ನು ಹೊತ್ತು ತಂದು, ಆರ್ಗನ್ನಿನ ಒಂದು ಕೊಳವೆ ಊದಿ, ಸದ್ದು ಅಡಗಲು ಎಷ್ಟು ಹೊತ್ತು ಹಿಡಿಯಿತೆಂದು ಅವರು ಅಳೆಯುತ್ತ ಹೋದರು. ಮೆತ್ತೆ ಹೆಚ್ಚಿದಂತೆ ಅನುರಣನೆ ಕುಗ್ಗಿತು. ಕೊನೆಗೆ ಸಿಕ್ಕ ಸೂತ್ರ ಸರಳ: ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನೆಯ ಅವಧಿ.

ನಾಲ್ಕು ಮೀಟರು ಉದ್ದ, ಮೂರು ಮೀಟರು ಅಗಲ, ಮೂರು ಮೀಟರು ಎತ್ತರದ ಖಾಲಿ ಕೋಣೆಗೆ ಇದನ್ನು ಹಚ್ಚಿ ನೋಡೋಣ. ಗಾತ್ರ 36 ಘನ ಮೀಟರು, ಆರೂ ಮೈಗಳ ಒಟ್ಟು ವಿಸ್ತೀರ್ಣ 66 ಚದರ ಮೀಟರು. ಗಾರೆ ಗೋಡೆ ತನಗೆ ಬಡಿದ ಸದ್ದಿನಲ್ಲಿ ನೂರಕ್ಕೆ ಮೂರರಷ್ಟು ಹೀರಿದರೆ ಒಟ್ಟು ಹೀರಿಕೆ ಸುಮಾರು ಎರಡು ಚದರ ಮೀಟರು, ಅನುರಣನೆ ಸುಮಾರು ಮೂರು ಸೆಕೆಂಡು. ಅದೇ ಕೋಣೆಯಲ್ಲಿ ನೂರಕ್ಕೆ ಅರವತ್ತು ಹೀರುವ ದಪ್ಪ ಬಟ್ಟೆಯನ್ನು ಹತ್ತು ಚದರ ಮೀಟರು ತೂಗುಹಾಕಿದರೆ ಮುಕ್ಕಾಲು ಸೆಕೆಂಡಿಗೆ ಇಳಿಯುತ್ತದೆ. ಹತ್ತಿಯ ಹಾಸಿಗೆ, ದಿಂಬುಗಳು, ತುಂಬಿದ ಬಟ್ಟೆಯ ಬೀರು ಸೇರಿದರೆ ಇನ್ನೂ ಇಳಿಯುತ್ತದೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದು ಮಾಡುವ ಕೌದಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕಂಬಳಿ, ರಜಾಯಿಗಳೂ ಆದಾವು. ಎಲ್ಲಿ ತೂಗುಹಾಕಬೇಕು ಎಂಬುದು ಮುಖ್ಯ. ಮೈಕು ನಿಮ್ಮತ್ತ ಮುಖ ಮಾಡಿರುವುದರಿಂದ ನಿಮ್ಮ ಬೆನ್ನ ಹಿಂದಿನ ಗೋಡೆಯೇ ಅದಕ್ಕೆ ಚೆನ್ನಾಗಿ ಕೇಳಿಸುವುದು. ಮೊದಲ ಕೌದಿ ಅಲ್ಲಿಗೆ. ಅದನ್ನು ಗೋಡೆಗೆ ಅಂಟಿಸದೆ ಹತ್ತು ಸೆಂಟಿಮೀಟರು ಬಿಟ್ಟು ಹಗ್ಗದ ಮೇಲೆ ಹಾಕಿ. ಬಟ್ಟೆ ಸದ್ದನ್ನು ಹೀರುವುದು ತನ್ನ ಎಳೆಗಳ ನಡುವೆ ಗಾಳಿ ಓಡಾಡುವಾಗಿನ ಘರ್ಷಣೆಯಿಂದ. ಗೋಡೆಗೆ ತಾಗಿಕೊಂಡ ಗಾಳಿಗೆ ಓಡಾಡಲು ಜಾಗವೇ ಇಲ್ಲ. ಓಡಾಟ ಅತಿ ಹೆಚ್ಚಿರುವುದು ಗೋಡೆಯಿಂದ ತರಂಗದೂರದ ಕಾಲು ಭಾಗದಷ್ಟು ಆಚೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ 343 ಮೀಟರು ಓಡುವುದರಿಂದ 1000 ಹರ್ಟ್ಸ್ ಸದ್ದಿಗೆ ಆ ದೂರ ಎಂಟೂವರೆ ಸೆಂಟಿಮೀಟರು, 100 ಹರ್ಟ್ಸ್‌ಗೆ ಸುಮಾರು 86 ಸೆಂಟಿಮೀಟರು. ಒಂದು ಅಂಗುಲದ ಫೋಮು ಫ್ರಿಜ್ಜಿನ ಗುಂಯ್‌ಗಾನದ ಮುಂದೆ ಏಕೆ ಸೋಲುತ್ತದೆ ಎಂಬುದಕ್ಕೆ ಈ ಅಳತೆಯೂ ಒಂದು ಉತ್ತರ. ಮೊಟ್ಟೆಯ ಟ್ರೇಗಳನ್ನು ಅಂಟಿಸುವುದರಿಂದ ಗೋಡೆ ವಿಚಿತ್ರವಾಗಿ ಕಾಣುತ್ತದೆಯೇ ಹೊರತು ಹೆಚ್ಚಿನ ಪ್ರಯೋಜನವಿಲ್ಲ.

ಹೀರುವುದು ಬೇರೆ, ತಡೆಯುವುದು ಬೇರೆ ಎಂಬುದನ್ನೂ ನೆನಪಿಡಬೇಕು. ಕೌದಿ ಕೋಣೆಯೊಳಗಿನ ಅನುರಣನೆಯನ್ನು ತಗ್ಗಿಸುತ್ತದೆ, ಪಕ್ಕದ ಮನೆಯ ಟಿವಿಯನ್ನು ತಡೆಯದು. ತಡೆಯಲು ತೂಕ ಬೇಕು. ಗೋಡೆಯ ತೂಕ ಇಮ್ಮಡಿಯಾದರೆ ಸಿಗುವ ಲಾಭ ಐದಾರು ಡೆಸಿಬಲ್ ಮಾತ್ರ. ಬಾಡಿಗೆ ಮನೆಯಲ್ಲಿ ಗೋಡೆ ಕಟ್ಟುವ ಹಾಗಿಲ್ಲ, ಸಂದು ಮುಚ್ಚಬಹುದು. ಬಾಗಿಲಿನ ಕೆಳಗೆ ಎರಡು ಸೆಂಟಿಮೀಟರು ಸಂದಿದ್ದರೆ ಅದು ಬಾಗಿಲಿನ ವಿಸ್ತೀರ್ಣದ ನೂರರಲ್ಲಿ ಒಂದು ಪಾಲು. ಆ ಒಂದು ಪಾಲಿನಲ್ಲೇ ನೂರರಲ್ಲಿ ಒಂದು ಭಾಗ ಶಕ್ತಿ ನುಸುಳುವುದರಿಂದ, ಬಾಗಿಲು ಉಕ್ಕಿನದ್ದೇ ಆಗಿದ್ದರೂ ತಡೆ 20 ಡೆಸಿಬಲ್ ದಾಟುವುದಿಲ್ಲ. ಹಳೆಯ ಪಂಚೆಯನ್ನು ಸುತ್ತಿ ಅಲ್ಲಿ ಒತ್ತಿದರೆ ಖರ್ಚಿಲ್ಲದೆ ಬಾಗಿಲು ತನ್ನ ಪೂರ್ತಿ ಬೆಲೆಯನ್ನು ತೋರಿಸುತ್ತದೆ.

ನೆಲದ ದಾರಿ

ಗಾಳಿಯಲ್ಲಿ ಬಂದ ಸದ್ದು ಕಾಂಕ್ರೀಟಿನೊಳಗೆ ಸುಲಭವಾಗಿ ಇಳಿಯಲಾರದು. ಗಾಳಿ ತೀರಾ ಹಗುರ, ಕಾಂಕ್ರೀಟು ತೀರಾ ಭಾರ ಮತ್ತು ಗಡಸು. ಎರಡೂ ಸೇರುವ ಗಡಿಯಲ್ಲಿ ಹತ್ತು ಸಾವಿರ ಪಾಲು ಶಕ್ತಿಯಲ್ಲಿ ಎರಡು ಪಾಲಿನಷ್ಟೇ ಒಳಗೆ ದಾಟುತ್ತದೆ, ಉಳಿದದ್ದು ಪುಟಿದು ಮರಳುತ್ತದೆ. ಅದೇ ಕಾಂಕ್ರೀಟಿನ ಮೇಲೆ ನೇರವಾಗಿ ಏನಾದರೂ ಬಡಿದರೆ ಗಡಿ ದಾಟುವ ಪ್ರಶ್ನೆಯೇ ಇಲ್ಲ. ಮಹಡಿಯ ಮನೆಯವರ ಮಾತು ಕೇಳಿಸದಿದ್ದರೂ ಅವರು ಕುರ್ಚಿ ಎಳೆದದ್ದು, ಸ್ಟೀಲಿನ ಚೊಂಬು ಬೀಳಿಸಿದ್ದು ಸ್ಪಷ್ಟವಾಗಿ ಕೇಳುವುದು ಹೀಗೆ. ಆ ನಡುಕ ನೆಲಕ್ಕಿಳಿದು, ಮೇಜಿನ ಕಾಲು ಹತ್ತಿ, ಸ್ಟ್ಯಾಂಡು ದಾಟಿ ಮೈಕಿನ ಒಡಲಿಗೆ ಬರುತ್ತದೆ. ಲ್ಯಾಪ್‌ಟಾಪಿನ ಫ್ಯಾನು, ಮೇಜಿಗೆ ತಾಗುವ ಮೊಣಕೈ, ಪುಟ ಮಗುಚುವಾಗಿನ ತಟ್ಟು ಕೂಡ ಇದೇ ದಾರಿ ಹಿಡಿಯುತ್ತವೆ. ಡೈನಮಿಕ್ ಮೈಕಿನ ಪೊರೆಗೆ ತಂತಿಸುರುಳಿಯ ತೂಕವೂ ಇರುವುದರಿಂದ ಒಡಲು ನಡುಗಿದಾಗ ಪೊರೆ ಹಿಂದುಳಿಯುವುದು ಹೆಚ್ಚು. ಅವುಗಳಿಗೆ ಈ ಕಾಟ ಸಾಮಾನ್ಯವಾಗಿ ಜಾಸ್ತಿ.

ಇದಕ್ಕೆ ಮದ್ದು ತೂಕ ಮತ್ತು ಸ್ಪ್ರಿಂಗು, ಎರಡೂ ಸೇರಿ. ಅದು ಕೆಲಸ ಮಾಡುವ ಬಗೆಯನ್ನು ಕಣ್ಣಾರೆ ನೋಡಬಹುದು. ಒಂದು ಬೀಗವನ್ನು ಉದ್ದನೆಯ ರಬ್ಬರ್ ಬ್ಯಾಂಡಿಗೆ ಕಟ್ಟಿ ಕೈಯಲ್ಲಿ ತೂಗುಬಿಡಿ. ಕೈಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಬೀಗವೂ ಜೊತೆಗೇ ಏರಿಳಿಯುತ್ತದೆ. ವೇಗ ಸ್ವಲ್ಪ ಹೆಚ್ಚಿಸಿದರೆ ಒಂದು ಹಂತದಲ್ಲಿ ಬೀಗ ಹುಚ್ಚೆದ್ದು, ಕೈಗಿಂತ ಎಷ್ಟೋ ಪಟ್ಟು ಜೋರಾಗಿ ಕುಣಿಯುತ್ತದೆ. ಇದು ಅನುನಾದ. ಕೈಯನ್ನು ಇನ್ನೂ ಬೇಗ ಬೇಗ ಆಡಿಸಿದರೆ ಬೀಗ ಇದ್ದಲ್ಲೇ ನಿಲ್ಲುತ್ತದೆ. ರಬ್ಬರು ಹಿಗ್ಗಿ ಕುಗ್ಗಿ ಕೈಯ ನಡುಕವನ್ನೆಲ್ಲ ತಾನೇ ನುಂಗುತ್ತದೆ. ಮೈಕನ್ನು ಕಾಪಾಡುವ ಶಾಕ್ ಮೌಂಟಿನಲ್ಲಿ ನಡೆಯುವುದು ಈ ಮೂರನೇ ಹಂತ.

ಅಂದರೆ ಪ್ರತಿ ಆಸರೆಗೂ ತನ್ನದೇ ಒಂದು ಸಹಜ ಆವೃತ್ತಿ ಇರುತ್ತದೆ. ಅದರ ಸುಮಾರು ಒಂದೂವರೆ ಪಟ್ಟಿಗಿಂತ ಮೇಲಿನ ನಡುಕವನ್ನು ಮಾತ್ರ ಅದು ತಡೆಯುತ್ತದೆ. ಅದಕ್ಕಿಂತ ಕೆಳಗೆ ತಡೆಯುವುದಿಲ್ಲ, ಸಹಜ ಆವೃತ್ತಿಯ ಆಸುಪಾಸಿನಲ್ಲಂತೂ ಹೆಚ್ಚಿಸುತ್ತದೆ. ಈ ಆವೃತ್ತಿಯನ್ನು ಅಂದಾಜು ಮಾಡಲು ಅಳತೆಪಟ್ಟಿ ಸಾಕು. ಭಾರ ಇಟ್ಟಾಗ ಆಸರೆ ಎಷ್ಟು ಮಿಲಿಮೀಟರು ಕುಸಿಯಿತೆಂದು ನೋಡಿ, ಆ ಸಂಖ್ಯೆಯ ವರ್ಗಮೂಲದಿಂದ 15.8ನ್ನು ಭಾಗಿಸಿ. ಐದು ಮಿಲಿಮೀಟರು ಕುಸಿದರೆ ಸಹಜ ಆವೃತ್ತಿ ಸುಮಾರು 7 ಹರ್ಟ್ಸ್. ಫ್ರಿಜ್ಜಿನ 50 ಹರ್ಟ್ಸ್ ನಡುಕ ಅದರ ಏಳು ಪಟ್ಟು ಮೇಲಿದೆ. ಲೆಕ್ಕದ ಪ್ರಕಾರ ಆ ನಡುಕದ ಸುಮಾರು ಐವತ್ತನೇ ಒಂದು ಪಾಲು ಮಾತ್ರ ದಾಟುತ್ತದೆ.

ಈಗ ಅಂಗಡಿಯಿಂದ ಗಟ್ಟಿಯಾದ ರಬ್ಬರ್ ಬಿಲ್ಲೆ ತಂದು ಹಗುರವಾದ ಮೈಕ್ ಸ್ಟ್ಯಾಂಡಿನ ಕೆಳಗಿಟ್ಟಿರಿ ಎಂದುಕೊಳ್ಳಿ. ಅದು ಕುಸಿಯುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಎಂದಾದರೆ ಸಹಜ ಆವೃತ್ತಿ ಎಷ್ಟು? ಸರಿಯಾಗಿ 50 ಹರ್ಟ್ಸ್. ಮನೆಯ ಮೋಟರುಗಳೆಲ್ಲ ಗುಂಯ್‌ಗುಡುವ ಜಾಗದಲ್ಲೇ ಅನುನಾದ! ನಡುಕ ತಡೆಯಲು ಹಾಕಿದ ಬಿಲ್ಲೆ ನಡುಕವನ್ನು ಬೆಳೆಸುತ್ತದೆ. ‘ಮೆತ್ತಗಿನದು ಏನಾದರೂ ಇಟ್ಟರಾಯಿತು’ ಎಂಬ ನಂಬಿಕೆ ಕೈಕೊಡುವುದು ಇಲ್ಲಿ. ಮೇಲಿನ ತೂಕಕ್ಕೆ ತಕ್ಕಷ್ಟು ಕುಸಿಯದ ಆಸರೆ ಮೆತ್ತೆ ಅನಿಸಿಕೊಳ್ಳಲಾರದು. ಪೂರ್ತಿ ಚಪ್ಪಟೆಯಾದ ಆಸರೆಯೂ ಗಟ್ಟಿ ನೆಲಕ್ಕೆ ಸಮ.

ಮನೆಯಲ್ಲೇ ಮಾಡಬಹುದಾದ ಒಳ್ಳೆಯ ಏರ್ಪಾಡು ಹೀಗಿದೆ. ಒಂದಡಿ ಚದರದ, ಎರಡು ಸೆಂಟಿಮೀಟರು ದಪ್ಪದ ಕಡಪ ಕಲ್ಲಿನ ತುಂಡು ತನ್ನಿ. ತೂಕ ಐದು ಕೆಜಿಯ ಸುಮಾರಿಗೆ ಬರುತ್ತದೆ. ಅದನ್ನು ಕುರ್ಚಿಗೆ ಹಾಕುವ ದಪ್ಪ ಸ್ಪಂಜಿನ ಮೇಲಿಟ್ಟು, ಕಲ್ಲಿನ ಮೇಲೆ ಮೈಕ್ ಸ್ಟ್ಯಾಂಡ್ ನಿಲ್ಲಿಸಿ. ಸ್ಪಂಜು ಐದರಿಂದ ಹತ್ತು ಮಿಲಿಮೀಟರು ಕುಸಿದು, ಒತ್ತಿದರೆ ಇನ್ನೂ ಕುಸಿಯುವಂತಿರಬೇಕು. ಕುಸಿಯದಿದ್ದರೆ ಸ್ಪಂಜನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿ ನಾಲ್ಕು ಮೂಲೆಗಷ್ಟೇ ಇಡಿ. ಸ್ಪಂಜು ನಡುಕದ ಎದುರು ಸುಮ್ಮನೆ ಕುಸಿದಾಗಿನದಕ್ಕಿಂತ ಗಡಸಾಗಿ ನಡೆದುಕೊಳ್ಳುವುದರಿಂದ ನಿಜವಾದ ಫಲ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ. ಆದರೂ ಮೇಜಿನ ತಟ್ಟು ಎದ್ದು ಕಾಣುವಷ್ಟು ಇಳಿಯುತ್ತದೆ. ಇದರ ಮೇಲೆ ಮೈಕನ್ನು ಶಾಕ್ ಮೌಂಟಿನಲ್ಲಿ ತೂಗುಹಾಕಿದರೆ ಎರಡನೇ ಹಂತದ ತಡೆ. ಶಾಕ್ ಮೌಂಟ್ ಕೊಳ್ಳಲಾಗದಿದ್ದರೆ ಚೌಕಟ್ಟೊಂದಕ್ಕೆ ಅಗಲವಾದ ಎಲಾಸ್ಟಿಕ್ ಪಟ್ಟಿಗಳನ್ನು ಅಡ್ಡಡ್ಡ ಕಟ್ಟಿ, ನಡುವೆ ಮೈಕನ್ನು ನೇತುಬಿಡಬಹುದು. ಅಲ್ಲೂ ಅಳತೆ ಅದೇ, ಮೈಕು ಕೆಲವು ಮಿಲಿಮೀಟರು ಜೋತುಬೀಳಬೇಕು.

ಇಷ್ಟೆಲ್ಲ ಮಾಡಿ ಕೇಬಲನ್ನು ಬಿಗಿಯಾಗಿ ಎಳೆದು ಮೇಜಿಗೆ ಕಟ್ಟಿದರೆ ಶ್ರಮ ವ್ಯರ್ಥ. ನಡುಕಕ್ಕೆ ಅದೇ ಹೊಸ ಸೇತುವೆ. ಮೈಕಿನ ಹತ್ತಿರ ಕೇಬಲಿನಲ್ಲಿ ಒಂದು ಸಡಿಲ ಸುರುಳಿ ಬಿಡಬೇಕು.

ಒಂದರ ಮೇಲೊಂದು ಹಂತ ಜೋಡಿಸುವ ಈ ಉಪಾಯದ ಪರಾಕಾಷ್ಠೆ ನೋಡಬೇಕೆಂದರೆ ಅಮೆರಿಕದ ಲೈಗೋ ವೀಕ್ಷಣಾಲಯಕ್ಕೆ ಹೋಗಬೇಕು. ಗುರುತ್ವದ ಅಲೆಗಳು ಹಾದುಹೋದಾಗ ಅಲ್ಲಿನ ಕನ್ನಡಿಗಳ ನಡುವಿನ ಅಂತರದಲ್ಲಾಗುವ ಬದಲಾವಣೆ ಪ್ರೋಟಾನಿನ ವ್ಯಾಸದ ಸಾವಿರದೊಂದು ಭಾಗಕ್ಕಿಂತ ಕಡಿಮೆ. ದೂರದ ರಸ್ತೆಯ ಲಾರಿಯೂ ಅದರ ಮುಂದೆ ಭೂಕಂಪ. ಹಾಗಾಗಿ 40 ಕೆಜಿ ತೂಕದ ಪ್ರತಿ ಕನ್ನಡಿಯನ್ನೂ ಲೋಲಕದ ಕೆಳಗೆ ಲೋಲಕದಂತೆ ನಾಲ್ಕು ಹಂತಗಳಲ್ಲಿ ತೂಗುಹಾಕಿದ್ದಾರೆ. ಸಹಜ ಆವೃತ್ತಿಗಿಂತ ಸಾಕಷ್ಟು ಮೇಲೆ, ನಡುಕದ ಆವೃತ್ತಿ ಇಮ್ಮಡಿಯಾದಾಗ ಒಂದು ಹಂತ ದಾಟಿಸುವ ನಡುಕ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ನಾಲ್ಕು ಹಂತ ಸೇರಿದರೆ 256ರಲ್ಲಿ ಒಂದು. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆ ಮೊದಲ ಬಾರಿಗೆ ಸಿಕ್ಕಿಬಿದ್ದದ್ದು ಇಂಥ ತೂಗು ಕನ್ನಡಿಗಳಲ್ಲಿ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಬರಲಿರುವ ಲೈಗೋ-ಇಂಡಿಯಾದಲ್ಲೂ ಕನ್ನಡಿಗಳು ತೂಗುವುದು ಇದೇ ನಿಯಮದ ಮೇಲೆ.

ತಂತಿಯ ದಾರಿ

ಇದು ಚಿಕ್ಕ ದಾರಿ, ಆದರೆ ಇದನ್ನು ಗುರುತಿಸದೆ ಗೋಡೆ ಮೇಜುಗಳ ಜೊತೆ ಗುದ್ದಾಡುವವರು ಬಹಳ. ಮೈಕಿನಿಂದ ಹೊರಡುವ ವಿದ್ಯುತ್ ಸಂಕೇತ ತೀರಾ ಕ್ಷೀಣ. ಅದರ ಕೇಬಲು ಚಾರ್ಜರ್ ತಂತಿ ಅಥವಾ ಯುಪಿಎಸ್ ಪಕ್ಕದಲ್ಲಿ ಹಾದರೆ 50 ಹರ್ಟ್ಸ್ ಮತ್ತು ಅದರ ಮಡಿಗಳು ಅಂಟಿಕೊಳ್ಳುತ್ತವೆ. ಅರ್ತಿಂಗ್ ಸರಿಯಿಲ್ಲದ ಮನೆಗಳಲ್ಲಿ ಈ ಹಮ್ ಇನ್ನೂ ಜೋರು. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸುವುದು, ಎರಡು ತಂತಿಗಳು ದಾಟಲೇಬೇಕಾದರೆ ಅಡ್ಡಡ್ಡ ದಾಟಿಸುವುದು, ಫೋನನ್ನು ದೂರ ಇಡುವುದು ಸುಲಭದ ಪರಿಹಾರಗಳು. ಹಳೆಯ 2ಜಿ ಫೋನು ಸೆಕೆಂಡಿಗೆ 217 ಸಲ ಸಂಕೇತವನ್ನು ಚಿಮ್ಮಿಸುವುದರಿಂದ ಸ್ಪೀಕರುಗಳಲ್ಲಿ ‘ಟರ್ರ್ ಟರ್ರ್’ ಎನ್ನುತ್ತಿದ್ದದ್ದು ಕೆಲವರಿಗೆ ನೆನಪಿರಬಹುದು.

ಸ್ಟುಡಿಯೋಗಳು ಬಳಸುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲಿನಲ್ಲಿ ಒಂದು ಜಾಣತನವಿದೆ. ಒಳಗಿನ ಎರಡು ತಂತಿಗಳಲ್ಲಿ ಸಂಕೇತ ಪರಸ್ಪರ ವಿರುದ್ಧವಾಗಿ ಹೋಗುತ್ತದೆ. ಹೊರಗಿನ ಹಮ್ ಎರಡಕ್ಕೂ ಒಂದೇ ರೀತಿ ಅಂಟುತ್ತದೆ. ಇನ್ನೊಂದು ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ದನಿ ಇಮ್ಮಡಿಯಾಗುತ್ತದೆ, ಹಮ್ ಹೆಚ್ಚುಕಡಿಮೆ ಸೊನ್ನೆಯಾಗುತ್ತದೆ.

ಜರಡಿ ಹಿಡಿಯುವ ತಂತ್ರಾಂಶ

ಮೂರು ದಾರಿಗಳನ್ನೂ ಕಾದ ಮೇಲೆ ಉಳಿದದ್ದಕ್ಕೆ ತಂತ್ರಾಂಶವಿದೆ. ಮೊದಲು ಹಚ್ಚಬೇಕಾದದ್ದು 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಹೈಪಾಸ್ ಫಿಲ್ಟರ್. ಗಂಡಸರ ಮಾತಿನ ಮೂಲ ಆವೃತ್ತಿ ಸುಮಾರು 85 ಹರ್ಟ್ಸ್‌ನಿಂದ, ಹೆಂಗಸರದ್ದು ಸುಮಾರು 165ರಿಂದ ಶುರುವಾಗುವುದರಿಂದ ಕತ್ತರಿ ದನಿಗೆ ತಾಗುವುದಿಲ್ಲ. ಆದರೆ ಫ್ರಿಜ್ಜಿನ 100, 150, 200 ಹರ್ಟ್ಸ್ ಮಡಿಗಳು ದನಿಯ ನಡುವೆಯೇ ಕೂತಿರುತ್ತವೆ, ಅವನ್ನು ಈ ಕತ್ತರಿ ಮುಟ್ಟಲಾರದು.

ಅದಕ್ಕೆ ಸ್ಪೆಕ್ಟ್ರಲ್ ಸಬ್‌ಟ್ರಾಕ್ಷನ್ ಎಂಬ ವಿಧಾನವಿದೆ. ಸ್ಟೀವನ್ ಬಾಲ್ 1979ರಲ್ಲಿ ಇದನ್ನು ಮಾತಿನ ಮುದ್ರಣಕ್ಕೆ ವಿವರವಾಗಿ ನಿರೂಪಿಸಿದರು. ಮಾತಿಲ್ಲದ ಕೆಲವು ಸೆಕೆಂಡುಗಳಿಂದ ಗದ್ದಲದ ಮಾದರಿ ಕಲಿತು, ಪ್ರತಿ ಆವೃತ್ತಿಯಲ್ಲೂ ಅಷ್ಟನ್ನು ಇಡೀ ಮುದ್ರಣದಿಂದ ಕಳೆಯುವುದು ಇದರ ಸಾರ. ಮೊರದಲ್ಲಿ ಕೇರಿ ಜೊಳ್ಳು ಬೇರ್ಪಡಿಸುವ ಕೆಲಸದ ಹಾಗೆ ಇದು. ಜೊಳ್ಳು ಕಾಳಿಗಿಂತ ಹಗುರವಿದ್ದಾಗ ಚೆನ್ನಾಗಿ ನಡೆಯುತ್ತದೆ, ಎರಡರ ತೂಕ ಒಂದೇ ಆದರೆ ಕಾಳೂ ಹಾರಿಹೋಗುತ್ತದೆ. ಒಂದೇ ಸಮನೆ ಇರುವ ಫ್ಯಾನಿನ ಸದ್ದು ಹಗುರ ಜೊಳ್ಳು. ಆದರೆ ‘ಸ’, ‘ಶ’, ‘ಷ’ಗಳು, ಮಹಾಪ್ರಾಣದ ಉಸಿರು ತಾವೇ ಗದ್ದಲದ ಬಗೆಯ ಸದ್ದುಗಳು. ನಿಯಂತ್ರಣವನ್ನು ಪೂರ್ತಿ ತಿರುಗಿಸಿದರೆ ‘ಖ’ ‘ಕ’ ಆಗುತ್ತದೆ, ‘ಸ’ಕಾರ ತೊದಲುತ್ತದೆ, ಹಿಂದೆ ಗುಳ್ಳೆಯೊಡೆಯುವಂಥ ಸದ್ದು ಹುಟ್ಟುತ್ತದೆ. ಆರರಿಂದ ಹತ್ತು ಡೆಸಿಬಲ್ ಇಳಿಸಿ ಅಲ್ಲಿಗೆ ನಿಲ್ಲಿಸುವುದು ಕ್ಷೇಮ. ಕೃತಕ ಬುದ್ಧಿಮತ್ತೆಯ ಹೊಸ ತಂತ್ರಾಂಶಗಳು ಮಾತಿನ ಮಾದರಿಯನ್ನೇ ಕಲಿತಿರುವುದರಿಂದ ನಾಯಿ ಬೊಗಳಿದ್ದನ್ನೂ ತೆಗೆಯಬಲ್ಲವು. ಅವೂ ಹದ ಮೀರಿದರೆ ದನಿಯ ನುಣುಪುಗಳನ್ನು ತಾವೇ ಊಹಿಸಿ ತುಂಬತೊಡಗುತ್ತವೆ.

ತಂತ್ರಾಂಶ ನಾಳೆ ಇನ್ನೆಷ್ಟೇ ಜಾಣವಾದರೂ ಅದರ ಕೈಗೆ ಎಟುಕದ ಒಂದು ಹಾನಿಯಿದೆ. ಗದ್ದಲದ ನಡುವೆ ಮಾತಾಡುವವರು ತಮಗರಿವಿಲ್ಲದೆ ದನಿ ಏರಿಸುತ್ತಾರೆ ಎಂದು ಫ್ರಾನ್ಸಿನ ಕಿವಿ-ಗಂಟಲಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಬರೆದರು. ಏರುವುದು ದನಿಯ ಮಟ್ಟವೊಂದೇ ಆಗಿರುವುದಿಲ್ಲ. ಸ್ಥಾಯಿ ಮೇಲಾಗುತ್ತದೆ, ಸ್ವರಗಳು ಉದ್ದವಾಗುತ್ತವೆ, ಮಂದ್ರದ ಮೃದುತ್ವ ಹೋಗಿ ಮೇಲಿನ ಆವೃತ್ತಿಗಳು ಚುಚ್ಚತೊಡಗುತ್ತವೆ. ಲೊಂಬಾರ್ ಪರಿಣಾಮ ಎಂದು ಕರೆಯುವ ಇದನ್ನು ಬೇಕೆಂದು ತಡೆದುಕೊಳ್ಳುವುದೂ ಕಷ್ಟ. ಫ್ಯಾನು ತಿರುಗುವ ಕೋಣೆಯಲ್ಲಿ ಓದಿದ ಕಥೆಯಿಂದ ಫ್ಯಾನನ್ನು ಅಳಿಸಬಹುದು. ಫ್ಯಾನಿನ ಮೇಲೆ ಗೆಲ್ಲಲು ಗಂಟಲು ಮಾಡಿದ ಹಟ ಪ್ರತಿ ಸಾಲಿನಲ್ಲೂ ಉಳಿಯುತ್ತದೆ. ಕೇಳುವವರಿಗೆ ಆಮೇಲೆ ಸಿಗುವುದು ಸದ್ದಿಲ್ಲದ ಕೋಣೆಯಲ್ಲಿ ಯಾರೋ ಸುಮ್ಮನೆ ಕೂಗುತ್ತಿರುವ ಅನುಭವ.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಸದ್ದಿನ ಮೂಲವನ್ನೇ ಆರಿಸುವುದು, ಆಮೇಲೆ ಮೈಕನ್ನು ಹತ್ತಿರ ತರುವುದು, ಬೆನ್ನ ಹಿಂದೆ ಕೌದಿ, ಕೆಳಗೆ ಕಲ್ಲು ಮತ್ತು ಸ್ಪಂಜು, ತಂತಿಗಳ ತಪಾಸಣೆ, ಎಲ್ಲದರ ಕೊನೆಗೆ ತಂತ್ರಾಂಶ. ಈ ಪಟ್ಟಿಯಲ್ಲಿ ಮೇಲಿನವುಗಳ ಫಲ ಹೆಚ್ಚು, ಕೆಳಗಿಳಿದಂತೆ ಕಡಿಮೆ. ಹೆಚ್ಚಿನವರು ಕೆಳಗಿನಿಂದ ಶುರು ಮಾಡುತ್ತಾರೆ.